ಕುರಿಯಾಗಲು ಹೊರಟ ಮೇಕೆ ಲೂರ್ದಿ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಗಲಾಟೆ ಮಾಡಿದರೆ ಕತೆ ಹೆದರಿ ಓಡಿಹೋಗುತ್ತದೆ. ಆಮೇಲೆ ಅದನ್ನು ಹಿಡಿದು ತರುವವರು ಯಾರು?

ಹೊಂಗೆಕೆರೆ ಅಂತ ಒಂದು ಕೆರೆ, ಅದರ ಸುತ್ತ ಕಾಡು. ಎಂಥ ಕಾಡು ಅಂದರೆ, ಬೆಳಿಗ್ಗೆ ಒಳಗೆ ನುಗ್ಗಿದ ಗಾಳಿ ದಾರಿ ತಪ್ಪಿ ಸಂಜೆ ತನಕ ಅಲ್ಲೇ ಸುತ್ತಾಡುತ್ತಿತ್ತು. ಕೆರೆಯ ಆಚೆ ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಮಾತೆ ಮರಿಯಮ್ಮನವರ ಪುಟ್ಟ ದೇವಾಲಯ, ಅದರ ಮೇಲೊಂದು ಕಲ್ಲಿನ ಶಿಲುಬೆ. ಕಟ್ಟಿದ ಮನುಷ್ಯರು ಎಂದೋ ಅಲ್ಲಿಂದ ಗುಳೆ ಹೋಗಿದ್ದರು. ಈಗ ಅಲ್ಲಿ ಯೇಸುಸ್ವಾಮಿಗೆ ಕೈಮುಗಿಯುತ್ತಿದ್ದವರು ಕಾಡಿನ ಪ್ರಾಣಿಗಳೇ. ಪೂಜೆ ನಡೆಸುತ್ತಿದ್ದವರು ಕೆರೆಯ ಹಿರಿಯ ಕೊಕ್ಕರೆ. ಬಿಳೀ ನಿಲುವಂಗಿ ತೊಟ್ಟುಕೊಂಡೇ ಹುಟ್ಟಿದವರಾದ್ದರಿಂದ ಎಲ್ಲರೂ ಅವರನ್ನು ಕೊಕ್ಕರೆ ಫಾದರ್ ಅನ್ನುತ್ತಿದ್ದರು.

ಬೆಟ್ಟದ ಬುಡದಲ್ಲಿ ಒಂದು ಕುರಿಮಂದೆ ಇತ್ತು. ಟಗರು ಇನ್ನಾಸಪ್ಪ ಅದರ ಯಜಮಾನ, ದೇವಾಲಯದ ಉಪದೇಶಿಯೂ ಅವನೇ. ಫಾದರ್ ಇಲ್ಲದಾಗ ಜಪ ಹೇಳಿಸುವುದು, ಎಲ್ಲರಿಗೂ ಬುದ್ಧಿ ಹೇಳುವುದು ಅವನ ಕೆಲಸ. ಬುದ್ಧಿ ಹೇಳುವುದನ್ನು ಫಾದರ್ ಇದ್ದಾಗಲೂ ಬಿಡುತ್ತಿರಲಿಲ್ಲ.

ಆ ಮಂದೆಯಲ್ಲಿ ಒಂದೇ ಒಂದು ಮೇಕೆ. ಅವಳ ಹೆಸರು ಲೂರ್ದಿ.

ಲೂರ್ದಿ ಎಗರಿದರೆ ಮೋಡಕ್ಕೆ ಕೊಂಬು ತಗುಲಿ ನಾಲ್ಕು ಹನಿ ಉದುರುತ್ತಿತ್ತು. ಕೂಗಿದರೆ ಆಚೆ ಬೆಟ್ಟದ ಮಾರ್ದನಿ ಕಿವಿ ಮುಚ್ಚಿಕೊಂಡು, "ಮೆಲ್ಲಗೆ ಕಣೇ, ಕೇಳಿಸುತ್ತೆ!" ಅನ್ನುತ್ತಿತ್ತು. ನಂಬದವರು ಹೋಗಿ ಆ ಬೆಟ್ಟವನ್ನೇ ಕೇಳಬಹುದು. ಕುರಿಗಳು ತಲೆ ತಗ್ಗಿಸಿ ನೆಲದ ಹುಲ್ಲು ಮೇಯುವಾಗ ಇವಳು ಹಿಂಗಾಲಿನ ಮೇಲೆ ನಿಂತು, ಮುಂಗಾಲನ್ನು ಮರಕ್ಕೆ ಊರಿ, ಮೇಲಿನ ಚಿಗುರು ಎಳೆಯುತ್ತಿದ್ದಳು. ಮಂದೆ ಹೊರಟರೆ ಇವಳು ಮುಂದೆ ಓಡಿ, ದಾರಿ ನೋಡಿ, ವಾಪಸ್ ಬಂದು ಸುದ್ದಿ ಹೇಳುತ್ತಿದ್ದಳು.

ಅವಳ ಜಪವೂ ಹಾಗೇ. ಎಲ್ಲರೂ ಒಂದೇ ರಾಗದಲ್ಲಿ ಜಪ ಹೇಳಿ ಮುಗಿಸಿದ ಮೇಲೆ ಇವಳದು ಬೇರೆ ಶುರುವಾಗುತ್ತಿತ್ತು. "ಸ್ವಾಮೀ, ನಾನು ಲೂರ್ದಿ. ಇವತ್ತು ಹೊಂಗೆ ಚಿಗುರು ಬಹಳ ಕಹಿ ಇತ್ತು, ಆದರೂ ಬಿಡಲಿಲ್ಲ. ನಮ್ಮ ಮಂದೆಯ ಮೊನಿಕಮ್ಮನ ಮರಿಗೆ ನೆಗಡಿ, ಒಂದು ಚೂರು ನೋಡಿಕೊಳ್ಳಿ. ಕಾಡಿನ ನರಿಗೂ ಒಳ್ಳೇ ಬುದ್ಧಿ ಕೊಡಿ, ಆದರೆ ನಮ್ಮ ಹತ್ತಿರ ಕಳಿಸಬೇಡಿ."

ಒಂದು ಭಾನುವಾರ ಇನ್ನಾಸಪ್ಪ ಗಂಟಲು ಸರಿಮಾಡಿಕೊಂಡು ಬೋಧನೆಗೆ ನಿಂತ. "ಕಡೇ ದಿನ ಸ್ವಾಮಿ ಬರುತ್ತಾರೆ. ಬಂದು ಕುರಿಗಳನ್ನೆಲ್ಲ ಬಲಗಡೆ ನಿಲ್ಲಿಸುತ್ತಾರೆ. ಮೇಕೆಗಳನ್ನೆಲ್ಲ..." ಅಂತ ಲೂರ್ದಿಯ ಕಡೆ ನೋಡಿದ. "ಎಡಗಡೆ."

"ಎಡಗಡೆ ಏನಿರುತ್ತೆ ಇನ್ನಾಸಣ್ಣ?" ಅಂತ ಕೇಳಿದಳು ಲೂರ್ದಿ.

"ಒಳ್ಳೇದೇನೂ ಇರಲ್ಲ."

ಸ್ವಾಮಿಯನ್ನು ಕಂಡರೆ ಲೂರ್ದಿಗೆ ಪ್ರಾಣ. ಕಡೇ ದಿನ ಅವರಿಂದ ದೂರ ನಿಲ್ಲುವುದೆಂದರೆ? ಅವತ್ತು ಅವಳಿಗೆ ಮೇವು ರುಚಿಸಲಿಲ್ಲ. ಸಂಜೆ ಟಗರಿನ ಹತ್ತಿರ ಹೋಗಿ ನಿಂತಳು.

"ಇನ್ನಾಸಣ್ಣ, ನಾನು ಬಲಗಡೆಗೆ ಬರೋಕೆ ಏನು ಮಾಡಬೇಕು?"

"ನಿನ್ನನ್ನ ಪೂರ್ತಿ ಸ್ವಾಮಿಗೆ ಒಪ್ಪಿಸಬೇಕು."

"ಒಪ್ಪಿಸಿದೀನಲ್ಲ!"

"ಎಲ್ಲಿ ಒಪ್ಪಿಸಿದೀಯ? ಇನ್ನೂ ಅದೇ ಗಡ್ಡ, ಅದೇ ಕುಣಿತ, ಅದೇ ಬಾಯಿ! ಒಪ್ಪಿಸೋದು ಅಂದರೆ ನಿನ್ನದು ಅನ್ನೋದು ಚೂರೂ ಉಳೀಬಾರದು. ನಮ್ಮನ್ನ ನೋಡು, ಯಾರು ಯಾರು ಅಂತ ನಮಗೇ ಗೊತ್ತಾಗಲ್ಲ."

ಮಾತು ನಿಜವೇ. ಹಿಂದಿನ ವಾರ ಇನ್ನಾಸಪ್ಪ ತನ್ನ ಹೆಂಡತಿ ಅಂತ ಪಕ್ಕದವಳನ್ನು ಬೈದು ತಲೆಗೆ ಗುದ್ದಿಸಿಕೊಂಡಿದ್ದ.

ಮರುದಿನ ಬೆಳಕು ಹರಿಯುತ್ತಲೇ ಲೂರ್ದಿ ಕೆಲಸ ಶುರುಮಾಡಿದಳು. ಗಡ್ಡವನ್ನು ಬಂಡೆಗೆ ತಿಕ್ಕಿ ತಿಕ್ಕಿ ಕಿತ್ತಳು. ಮುಳ್ಳುಗಿಡಗಳಿಗೆ ಸಿಕ್ಕಿಕೊಂಡಿದ್ದ ಕುರಿ ಉಣ್ಣೆಯನ್ನೆಲ್ಲ ಒಟ್ಟುಮಾಡಿ, ಬೇಲದ ಮರದ ಅಂಟು ಬಳಿದುಕೊಂಡು ಮೈಗೆ ಮೆತ್ತಿಕೊಂಡಳು. ಬೇಲದ ಅಂಟಿಗೆ ಉಣ್ಣೆಯ ಜೊತೆ ಎರಡು ಚಿಟ್ಟೆ, ಒಂದು ಓತಿಕೇತ ಎಲ್ಲ ಅಂಟಿಕೊಂಡವು. ಅವನ್ನು ಬಿಡಿಸಿ ಕಳಿಸುವಷ್ಟರಲ್ಲಿ ಬಿಸಿಲೇರಿತು.

ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟು ಗುಂಪಾಗಿ ನಿಲ್ಲುತ್ತವೆ, ನೀವೂ ನೋಡಿರುತ್ತೀರಿ. ಲೂರ್ದಿಯೂ ಹೋಗಿ ಮೊನಿಕಮ್ಮನ ಹೊಟ್ಟೆಯ ಕೆಳಗೆ ತಲೆ ತೂರಿಸಿದಳು. ಕೊಂಬು ಚುಚ್ಚಿತು.

"ಅಯ್ಯಯ್ಯೋ! ಯಾರವ್ವ ಅದು?" ಅಂತ ಮೊನಿಕಮ್ಮ ಎಗರಿದಳು. ತಿರುಗಿ ನೋಡಿ, "ಲೂರ್ದಿ! ಇದೇನೇ ನಿನ್ನ ವೇಷ? ಹುಷಾರಿಲ್ವಾ?"

"ನಾನು ಸ್ವಾಮಿಗೆ ಒಪ್ಪಿಸಿಕೊಂಡೆ ಕಣಕ್ಕ."

"ಒಪ್ಪಿಸಿಕೊಂಡರೆ ಮುಖ ಹೀಗಾಗುತ್ತಾ? ಹರಳೆಣ್ಣೆ ಕುಡಿದವಳ ಥರ ಇದೀಯಲ್ಲೇ!"

ಮೊನಿಕಮ್ಮನ ಮರಿ ಚೌರಿ ಹತ್ತಿರ ಬಂದು ಮೂಸಿತು. "ಅತ್ತೆ, ಇವತ್ತು ಬಂಡೆ ಹತ್ತಲ್ವಾ?"

"ಹತ್ತಬಾರದು ಮರಿ. ಅದು ಮೇಕೆ ಬುದ್ಧಿ."

ಅಂದಿನಿಂದ ಲೂರ್ದಿ ಎಗರಲಿಲ್ಲ, ಮುಂದೆ ಓಡಲಿಲ್ಲ, ತಲೆ ಎತ್ತಲಿಲ್ಲ. ಕೂಗಬೇಕೆನಿಸಿದಾಗ ಬಾಯಿಗೆ ಹುಲ್ಲು ತುಂಬಿಕೊಳ್ಳುತ್ತಿದ್ದಳು. ಜಪವನ್ನು ಎಲ್ಲರ ಜೊತೆ ಎಲ್ಲರ ರಾಗದಲ್ಲೇ ಹೇಳಿ ಸುಮ್ಮನಾಗುತ್ತಿದ್ದಳು. ಸ್ವಾಮಿಗೆ ಹೇಳಬೇಕಾದ ಸುದ್ದಿ ಗಂಟಲಲ್ಲೇ ಉಳಿದು ಕೆಮ್ಮು ಹತ್ತುತ್ತಿತ್ತು. ಇನ್ನಾಸಪ್ಪನಿಗೆ ಮಾತ್ರ ಬಹಳ ಸಂತೋಷ. "ನೋಡಿ, ಕಲ್ಲನ್ನೂ ಕುರಿ ಮಾಡಿದೆ!" ಅಂತ ಎಮ್ಮೆಗಳ ಮುಂದೆ ಕೊಚ್ಚಿಕೊಂಡ.

ಅಷ್ಟರಲ್ಲಿ ತೆನೆ ಹಬ್ಬ ಬಂತು. ಮಾತೆ ಮರಿಯಮ್ಮನವರ ಹುಟ್ಟುಹಬ್ಬ ಅದು. ಅವತ್ತು ಹೊಸ ಬೆಳೆಯ ಮೊದಲ ತೆನೆಯನ್ನು ದೇವಾಲಯಕ್ಕೆ ಒಯ್ದು ಅರ್ಪಿಸುವ ಪದ್ಧತಿ. ಮನುಷ್ಯರು ಬಿಟ್ಟುಹೋದ ಹೊಲದ ಬದುವಿನಲ್ಲಿ ತಾನಾಗಿ ಎದ್ದ ತೆನೆಯನ್ನು ಪ್ರತಿಯೊಬ್ಬರೂ ಹುಡುಕಿ ತಂದಿದ್ದರು. ಇನ್ನಾಸಪ್ಪನದು ರಾಗಿ, ಮೊನಿಕಮ್ಮನದು ನವಣೆ, ಲೂರ್ದಿಯದು ಭತ್ತ. ತೆನೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಮಂದೆ ಸಾಲಾಗಿ ಬೆಟ್ಟ ಹತ್ತಿತು. ಇನ್ನಾಸಪ್ಪ ಮುಂದೆ. ಅವನ ಬಾಲ ನೋಡಿಕೊಂಡು ಚೌರಿ, ಚೌರಿಯ ಬಾಲ ನೋಡಿಕೊಂಡು ಮೊನಿಕಮ್ಮ, ಅವಳ ಹಿಂದೆ ಲೂರ್ದಿ, ಲೂರ್ದಿಯ ಹಿಂದೆ ಉಳಿದ ಮಂದೆಯೆಲ್ಲ.

ಹಿಂದಿನ ದಿನ ಭಾರೀ ಮಳೆ. ಅರ್ಧ ಬೆಟ್ಟದಲ್ಲಿ ದಾರಿ ಒಂದು ಕೊರಕಲಿನ ಅಂಚಿನಲ್ಲೇ ಹೋಗುತ್ತದೆ. ಕೊರಕಲಿನ ತಳದಲ್ಲಿ ಕೆಂಪು ನೀರು ಬುಸುಗುಡುತ್ತಿತ್ತು. ಲೂರ್ದಿಯ ಓರೆಗಣ್ಣಿಗೆ ದಾರಿಯ ಮಣ್ಣು ಬಿರುಕು ಬಿಟ್ಟಿರುವುದು ಕಾಣಿಸಿತು. ಹೇಳಬೇಕೆಂದು ಬಾಯಿವರೆಗೆ ಬಂತು. 'ಮುಂದೆ ಇನ್ನಾಸಣ್ಣ ಇದಾರೆ. ನಡುವೆ ನನ್ನದೇನು? ಅದು ಹಳೇ ಲೂರ್ದಿಯ ಬಾಯಿ' ಅಂದುಕೊಂಡು ನುಂಗಿಕೊಂಡಳು.

ಇನ್ನಾಸಪ್ಪ ದಾಟಿದ. ಅವನ ಭಾರಕ್ಕೆ ಸಡಿಲವಾದ ಮಣ್ಣು ಚೌರಿ ಕಾಲಿಟ್ಟ ಕೂಡಲೇ ಕುಸಿಯಿತು.

ಮರಿ ಉರುಳಿ ಹೋಗಿ ಗೋಡೆಯಂಥ ಬಂಡೆಯ ನಡುವೆ ಚಾಚಿದ್ದ ಒಂದು ಕಲ್ಲಿನ ಮೇಲೆ ಬಿತ್ತು. ಆ ಕಲ್ಲು ಒಂದು ಮೊರದಷ್ಟೂ ಅಗಲವಿಲ್ಲ. ಕೆಳಗೆ ನೀರು.

"ನನ್ನ ಮಗು!" ಅಂತ ಮೊನಿಕಮ್ಮ ತೆನೆಯನ್ನು ದಾರಿಯಲ್ಲೇ ಬಿಟ್ಟು ಅಂಚಿಗೆ ನುಗ್ಗಿದಳು. ಕುರಿಗಳ ಬುದ್ಧಿ ಗೊತ್ತಲ್ಲ, ಮುಂದಿನದು ಎಲ್ಲಿಗೋ ಹಿಂದಿನದೂ ಅಲ್ಲಿಗೇ. ಏನಾಯಿತೆಂದು ನೋಡದೆ ಹಿಂದಿನ ಸಾಲೆಲ್ಲ ತಲೆ ತಗ್ಗಿಸಿಕೊಂಡು ಕೊರಕಲಿನ ಕಡೆಗೇ ದೂಡತೊಡಗಿತು. ಇನ್ನಾಸಪ್ಪ ತೆನೆಯನ್ನು ಕಾಲಡಿ ಇಟ್ಟುಕೊಂಡು ಆಚೆ ಕಡೆ ನಿಂತು "ಜಪ ಹೇಳಿ, ಜಪ ಹೇಳಿ!" ಅಂತ ಒದರಿದ. ಯಾವ ಜಪವೆಂದು ಅವನಿಗೇ ನೆನಪಾಗಲಿಲ್ಲ.

ಲೂರ್ದಿ ಬಾಯಲ್ಲಿದ್ದ ತೆನೆಯನ್ನು ಉಗಿದಳು. ಅದು ನೀರಿಗೆ ಬಿತ್ತು.

"ನಿಲ್ರೋ!"

ಇಷ್ಟು ದಿನ ಅದುಮಿಟ್ಟ ಕೂಗು ಒಟ್ಟಿಗೇ ಹೊರಬಿತ್ತು. ಕೆರೆಯ ಮೀನುಗಳು ದಡಕ್ಕೆ ಹಾರಿ ಕೂತವು. ಆಕಾಶದಲ್ಲಿ ಹೋಗುತ್ತಿದ್ದ ಹದ್ದು ತನಗೇ ಹೇಳಿದ್ದೆಂದು ರೆಕ್ಕೆ ಬಿಚ್ಚಿಕೊಂಡು ಅಲ್ಲೇ ನಿಂತಿತು. ಕುರಿಗಳು ಮರದ ಕೊರಡಿನಂತೆ ನಿಂತುಬಿಟ್ಟವು.

ಲೂರ್ದಿ ಕೊರಕಲಿಗೆ ಇಣುಕಿದಳು. ಆ ಬಂಡೆಯಲ್ಲಿ ಕುರಿಗೆ ದಾರಿಯಿಲ್ಲ. ಮೇಕೆಯ ಗೊರಸಿಗೆ ಅಲ್ಲೊಂದು ಇಲ್ಲೊಂದು ಹಿಡಿತವಿತ್ತು. ಆದರೂ ಅವಳು ಅಂಚಿನಲ್ಲೇ ತಡೆದು ನಿಂತಳು. ಬಂಡೆಗೆ ಹೆದರಿ ಅಲ್ಲ, ಎಡಗಡೆಗೆ ಹೆದರಿ.

"ಸ್ವಾಮೀ, ನಾನು ಲೂರ್ದಿ" ಅಂದಳು. "ಈ ಕಾಲು ನಿಮಗೆ ಒಪ್ಪಿಸಿಬಿಟ್ಟಿದ್ದೆ. ಈಗ ಚೌರಿಗೆ ಬೇಕಾಗಿದೆ. ಕಡೇ ದಿನ ಎಲ್ಲಿ ನಿಲ್ಲಿಸುತ್ತೀರೋ ನಿಲ್ಲಿಸಿ, ಇವತ್ತು ಮಾತ್ರ ಇಳಿಯೋಕೆ ಬಿಡಿ."

ಅಂದವಳೇ ಇಳಿದಳು. ಮೆತ್ತಿಕೊಂಡಿದ್ದ ಉಣ್ಣೆ ಮುಳ್ಳಿಗೆ ಸಿಕ್ಕಿ ಹಿಂದಕ್ಕೆ ಎಳೆಯಿತು. ಕೊಡವಿದಳು, ಹೋಯಿತು. ಹಾರಿ ಮರಿಯ ಪಕ್ಕದಲ್ಲೇ ನಾಲ್ಕು ಗೊರಸನ್ನೂ ಒಂದೇ ಕಡೆ ಊರಿ ನಿಂತಳು.

"ಅತ್ತೆ, ನಾನು ಸಾಯ್ತೀನಾ?"

"ಸಾಯೋಕೆ ಇಲ್ಲಿ ಜಾಗ ಎಲ್ಲಿದೆ? ನನ್ನ ಬೆನ್ನು ಹತ್ತು."

ಚೌರಿ ಹತ್ತಿತು. ಲೂರ್ದಿ ಎಳೆ ಚಿಗುರು ಕೀಳುವಾಗ ನಿಲ್ಲುವ ಹಾಗೆಯೇ ಹಿಂಗಾಲಿನ ಮೇಲೆ ಎದ್ದು, ಮುಂಗಾಲನ್ನು ಬಂಡೆಗೆ ಊರಿ, ಕತ್ತು ಚಾಚಿದಳು. ಮರಿ ಅವಳ ಬೆನ್ನಿನಿಂದ ಕತ್ತಿಗೆ, ಕತ್ತಿನಿಂದ ಕೊಂಬಿಗೆ, ಕೊಂಬಿನಿಂದ ಅಂಚಿಗೆ ಎಗರಿತು. ಮೊನಿಕಮ್ಮ ಅದರ ಕತ್ತಿನ ಉಣ್ಣೆ ಕಚ್ಚಿ ಎಳೆದುಕೊಂಡಳು. ಹಿಂದೆಯೇ ಲೂರ್ದಿಯೂ ಹತ್ತಿ ಬಂದಳು. ಕುಸಿದ ಜಾಗ ಬಳಸಿ ಹೋಗಲು ಮೇಲಿನಿಂದ ಒಂದು ದಾರಿ ಹುಡುಕಿ, "ಬಿದ್ದ ತೆನೆ ಎತ್ತಿಕೊಂಡು ಈ ಕಡೆ ಬನ್ರೋ" ಅಂತ ಎಲ್ಲರನ್ನೂ ಇನ್ನಾಸಪ್ಪನ ಬಳಿಗೆ ಸೇರಿಸಿದಳು.

ಇನ್ನಾಸಪ್ಪ ನೆಲ ನೋಡುತ್ತ, "ನಾನೇ ಹೇಳೋಣ ಅಂತಿದ್ದೆ, ಕೂಗು ಅಂತ" ಅಂದ.

"ಹಾಗಾದರೆ ಇಷ್ಟು ದಿನ ಅವಳ ಬಾಯಿಗೆ ಹುಲ್ಲು ತುಂಬಿಸಿದ್ದು ಯಾರು?" ಅಂದಳು ಮೊನಿಕಮ್ಮ.

ದೇವಾಲಯದಲ್ಲಿ ಕೊಕ್ಕರೆ ಫಾದರ್ ಕಾಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಲೂರ್ದಿ ಹೊರಗೇ ನಿಂತಿದ್ದಳು. ಮೈಮೇಲೆ ಅಲ್ಲಲ್ಲಿ ಉಣ್ಣೆಯ ಚೂರು, ಉಳಿದದ್ದು ಅಂಟು.

"ಒಳಗೆ ಬಾಮ್ಮ, ಯಾಕೆ ಅಲ್ಲಿ?"

"ಫಾದರ್, ನಾನು ಎಡಗಡೆಯವಳು. ಬಲಗಡೆಗೆ ಬರೋಣ ಅಂತ ನನ್ನನ್ನೆಲ್ಲ ಒಪ್ಪಿಸಿದ್ದೆ. ಇವತ್ತು ಎಲ್ಲಾ ವಾಪಸ್ ತಗೊಂಡುಬಿಟ್ಟೆ."

ಫಾದರ್ ಒಂದು ಕಾಲಿನ ಮೇಲೆ ನಿಂತು ಯೋಚಿಸಿದರು. "ಎಡ ಬಲ ಅಂತ ಸ್ವಾಮಿ ವಿಂಗಡಿಸೋದು ಉಣ್ಣೆ ನೋಡಿ ಅಲ್ಲ ಕಣಮ್ಮ. ಹಸಿದವರಿಗೆ ಕೊಟ್ಟೆಯಾ, ಬಿದ್ದವರ ಹತ್ತಿರ ಹೋದೆಯಾ ಅಂತ ಕೇಳ್ತಾರೆ. ನಿನಗೆ ಮೇಕೆಯ ಕಾಲು ಕೊಟ್ಟವರು ಯಾರು?"

"ಸ್ವಾಮಿ."

"ಅವರು ಕೊಟ್ಟದ್ದನ್ನ ಕಿತ್ತು ಬಿಸಾಕಿದರೆ ಒಪ್ಪಿಸಿದ ಹಾಗಾಯ್ತಾ? ಮೊದಲು ಎಗರುತ್ತಿದ್ದೆ, ನಿನ್ನ ಖುಷಿಗೆ. ಇವತ್ತು ಎಗರಿದ್ದು ಚೌರಿಗೋಸ್ಕರ. ಕಾಲು ಅವೇ. ಆದರೆ ಇವತ್ತು ಅವು ಸ್ವಾಮಿಯ ಕಾಲಾಗಿದ್ದವು. ಒಪ್ಪಿಸೋದು ಅಂದರೆ ಅದು."

ಆಮೇಲೆ ತೆನೆಯ ಕಾರ್ಯ ನಡೆಯಿತು. ಎಲ್ಲರೂ ತಂದದ್ದನ್ನು ಪೀಠದ ಮುಂದೆ ಇಟ್ಟರು. ಫಾದರ್ ಪ್ರಾರ್ಥನೆ ಹೇಳಿ, ಕೊಕ್ಕಿನಿಂದ ನೀರು ಚಿಮುಕಿಸಿ, ಒಂದೊಂದೇ ತೆನೆಯನ್ನು ಹರಸಿ ಅವರವರಿಗೇ ಹಿಂದಕ್ಕೆ ಕೊಟ್ಟರು. ಹರಸಿದ ತೆನೆಯನ್ನು ಒಯ್ದು ಎಲ್ಲರೂ ಹಂಚಿ ತಿನ್ನಬೇಕು, ಆ ಹಬ್ಬದ ಪದ್ಧತಿಯೇ ಅದು.

"ಇನ್ನಾಸಪ್ಪ, ನಿನ್ನ ರಾಗಿ. ತಗೋ. ಮೊನಿಕಮ್ಮ, ನಿನ್ನ ನವಣೆ."

ರಾಗಿ ಕೊಟ್ಟವನಿಗೆ ರಾಗಿಯೇ ಬಂತು, ನವಣೆ ಕೊಟ್ಟವಳಿಗೆ ನವಣೆಯೇ. ಸ್ವಾಮಿಯ ಮುಂದೆ ಇಟ್ಟರೂ ಒಂದು ತೆನೆ ಇನ್ನೊಂದಾಗಿರಲಿಲ್ಲ. ಲೂರ್ದಿ ಕಣ್ಣು ಪಿಳಿಪಿಳಿ ಬಿಡುತ್ತ ನೋಡುತ್ತಿದ್ದಳು.

"ನನ್ನ ತೆನೆ ನೀರಿಗೆ ಬಿತ್ತು ಫಾದರ್. ಇಡೋಕೆ ಏನೂ ಇಲ್ಲ."

"ನೀನೇ ಬಂದು ನಿಲ್ಲು."

ಅವಳು ಪೀಠದ ಮುಂದೆ ನಿಂತಳು. ಫಾದರ್ ಅವಳ ಕೊಂಬಿನ ನಡುವೆ ನೀರು ಚಿಮುಕಿಸಿ ಹರಸಿದರು. "ಇವಳು ಲೂರ್ದಿ. ತಗೊಳ್ಳಮ್ಮ."

"ಯಾರನ್ನ ತಗೊಳ್ಳಲಿ?"

"ನಿನ್ನನ್ನೇ."

ಲೂರ್ದಿ ಒಂದು ಸಲ ಮೈ ಕೊಡವಿದಳು. ಉಳಿದಿದ್ದ ಉಣ್ಣೆಯೆಲ್ಲ ಹಾರಿ ಇನ್ನಾಸಪ್ಪನ ಮೂಗಿನ ಮೇಲೆ ಕೂತು, ಅವನು ಸೀನಿದ. ಬೆಟ್ಟ ಇಳಿಯುವ ಹೊತ್ತಿಗೆ ಲೂರ್ದಿ ಚೌರಿಯನ್ನು ಪಕ್ಕಕ್ಕೆ ಕರೆದುಕೊಂಡು ಮಂದೆಯ ಮುಂದೆ ನಿಂತಳು. "ನಾನು ನೋಡಿ ಹೇಳೋ ತನಕ ಯಾರೂ ಕಾಲಿಡಬೇಡಿ" ಅಂದಳು. ಇನ್ನಾಸಪ್ಪನೇ ಎಲ್ಲರಿಗಿಂತ ಮೊದಲು "ಆಗಲವ್ವ" ಅಂದು ಹಿಂದೆ ಸರಿದ.

ನೀತಿ: ದೇವರಿಗೆ ತನ್ನನ್ನು ಒಪ್ಪಿಸುವುದೆಂದರೆ ಇನ್ನೊಬ್ಬರಂತೆ ಆಗುವುದಲ್ಲ, ದೇವರು ಕೊಟ್ಟ ಸ್ವಂತ ಗುಣವನ್ನೇ ದೇವರ ಕೆಲಸಕ್ಕೆ ಹಚ್ಚುವುದು.