ಟ್ಯಾಂಕಿಗೆ ಹಾಕಿದ ಹಾರ

"ಗುರುಗಳೇ, ಇರುವುದು ಒಂದೇ ಶಾಲು. ಯಾರಿಗೆ ಹೊದಿಸಲಿ?" ಎಂದು ಶಿವಮಲ್ಲ ಕೇಳಿದ.

ಜ್ವರದಿಂದ ಎದ್ದ ಮೇಲೆ ತಾನೇ ಮಗ್ಗದಲ್ಲಿ ಕೂತು ನೇಯ್ದ ಶಾಲು ಅದು. ಪೇಟೆಯಿಂದ ಬಂದು ಜೀವ ಉಳಿಸಿದ ವೈದ್ಯರಿಗೇ ಅದು ಸಲ್ಲಬೇಕೆಂದು ಅವನ ಮನಸ್ಸು ಹೇಳುತ್ತಿತ್ತು. ಆದರೆ ಮಠದ ಅಡಿಗೆಯ ದೇವೀರಮ್ಮ ಚಿಕ್ಕಂದಿನಿಂದ ಅವನಿಗೆ ಉಣಬಡಿಸಿದವಳು, ಜ್ವರದಲ್ಲಿ ಗಂಜಿ ಕುಡಿಸಿದವಳು. ಅವಳದು ದಿನಾ ಇರುವುದೇ ಅಲ್ಲವೇ ಎಂದುಕೊಂಡರೂ ಅವಳ ಮುಖ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ನಾಳೆ ವೈದ್ಯರು ಮಠಕ್ಕೆ ಬರುವವರಿದ್ದರು.

"ಉಪಕಾರಕ್ಕೂ ತಕ್ಕಡಿ ಹಿಡಿದೆಯಲ್ಲೋ" ಎಂದು ಗುರುಗಳು ನಕ್ಕರು. "ಕೂತುಕೋ, ಒಂದು ಕತೆ ಕೇಳು."

ಒಂದು ಬೆಟ್ಟದೂರು. ಕರೆಂಟಿನ ಕಂಬ ಅಲ್ಲಿಗೆ ಹತ್ತಿರಲಿಲ್ಲ. ಊರ ಆಸ್ಪತ್ರೆಗೆ ಬಿಸಿಲೇ ಕರೆಂಟು ಕೊಡುತ್ತಿತ್ತು. ಹಗಲು ಬಂದದ್ದನ್ನು ಬ್ಯಾಟರಿಗಳು ರಾತ್ರಿಗೆ ಕೂಡಿಡುತ್ತಿದ್ದವು. ಅವು ತುಂಬಿದ ಮೇಲೂ ಉಳಿದ ಕರೆಂಟು ನೀರನ್ನು ಒಡೆದು ಹೈಡ್ರೋಜನ್ ಮಾಡಿ ಟ್ಯಾಂಕು ತುಂಬಿಸುತ್ತಿತ್ತು. ಮೋಡ ಕವಿದು ಬ್ಯಾಟರಿ ಸೋತಾಗ ಆ ಹೈಡ್ರೋಜನ್ ಮತ್ತೆ ಕರೆಂಟಾಗುತ್ತಿತ್ತು. ಬ್ಯಾಟರಿ ದಿನದ ಗಂಜಿಯಾದರೆ ಟ್ಯಾಂಕು ಮಳೆಗಾಲದ ಕಣಜ.

ಒಂದು ಮಳೆಗಾಲ ಸೂರ್ಯ ವಾರಗಟ್ಟಲೆ ಮುಖ ತೋರಿಸಲಿಲ್ಲ. ಟ್ಯಾಂಕು ಆಸ್ಪತ್ರೆಯನ್ನು ಕಾಯಿತು. ಆ ವರ್ಷದ ಆಯುಧಪೂಜೆಗೆ ಊರವರು ಟ್ಯಾಂಕಿಗೆ ಮೈತುಂಬ ಹಾರ ಹಾಕಿ ಬೂದುಗುಂಬಳ ಒಡೆದರು. ಬ್ಯಾಟರಿಗಳಿಗೆ ಒಂದು ಬೊಟ್ಟು ಕುಂಕುಮ ಇಡುವುದೂ ಯಾರಿಗೂ ನೆನಪಾಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಊರ ಯಜಮಾನ ರಾಗಿ ಗಿರಣಿಗೂ ಆಸ್ಪತ್ರೆಯಿಂದಲೇ ತಂತಿ ಎಳೆಸಿದ. ಬ್ಯಾಟರಿಯ ಕೊನೆಯ ಪಾಲನ್ನು ಕಾಯುವ ಸ್ವಿಚ್ಚು ಗಿರಣಿಯನ್ನು ನಡುವೆಯೇ ನಿಲ್ಲಿಸುತ್ತದೆಂದು ಅದನ್ನೂ ತೆಗೆಸಿದ.

"ಬ್ಯಾಟರೀಲಿ ಒಸಿ ಉಳಿಸ್ಕೊಳ್ಳಿ ಯಜಮಾನ್ರೇ" ಎಂದಳು ಆಸ್ಪತ್ರೆಯ ನರ್ಸು.

"ಟ್ಯಾಂಕು ತುಂಬಿರುವಾಗ ನಿಂಗ್ಯಾಕವ್ವ ಆ ಚಿಂತೆ?"

ಬ್ಯಾಟರಿ ಪೂರಾ ಬತ್ತಿತು. ಟ್ಯಾಂಕು ತುಂಬಿಯೇ ಇತ್ತು, ಆದರೆ ದೀಪ ಹತ್ತಲಿಲ್ಲ. ಫ್ರಿಜ್ಜು ನಿಂತುಹೋಗಿ, ಕೂಸುಗಳಿಗೆಂದು ತಂದಿದ್ದ ಲಸಿಕೆ ಬೆಚ್ಚಗಾಗುವ ಹೊತ್ತು ಬಂತು. ಅದರಲ್ಲಿ ಯಜಮಾನನ ಮೊಮ್ಮಗಳ ಪಾಲೂ ಇತ್ತು. ಅವನು ಟ್ಯಾಂಕನ್ನು ತಟ್ಟಿ ನೋಡಿದ, ಕೈಮುಗಿದೂ ನೋಡಿದ. ಟ್ಯಾಂಕಿನ ಕವಾಟ ತೆರೆಯುವುದಕ್ಕೇ ಚೂರು ಕರೆಂಟು ಬೇಕು, ಅದನ್ನು ಕೊಡುತ್ತಿದ್ದುದು ಬ್ಯಾಟರಿ ಎಂದು ನರ್ಸಿಗೆ ಆಗ ಹೊಳೆಯಿತು. ಯಜಮಾನನ ಜೀಪಿನ ಬ್ಯಾಟರಿಯನ್ನೇ ಬಿಚ್ಚಿಸಿ ತಂದು ತಂತಿ ಮುಟ್ಟಿಸಿದಳು. ಕವಾಟ ತೆರೆಯಿತು. ಸ್ವಲ್ಪ ಹೊತ್ತಿಗೆ ಫ್ರಿಜ್ಜು ಗುಂಯ್‌ಗುಟ್ಟಿತು.

ಯಜಮಾನ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದ. ಬ್ಯಾಟರಿಗಳ ಮುಂದೆ ಕೂತು ಒಂದೊಂದಕ್ಕೂ ಬೊಟ್ಟಿಟ್ಟ. "ಇಷ್ಟು ದಿನ ಆ ಟ್ಯಾಂಕನ್ನ ಎಬ್ಬಿಸ್ತಿದ್ದೋರು ನೀವೇ. ನಂಗೆ ಕಾಣ್ಲಿಲ್ಲ" ಎಂದ. ಅವನ ಕಣ್ಣು ತುಂಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿವಮಲ್ಲ ಶಾಲಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದ.

"ಗಂಜಿಯ ಋಣ ದೊಡ್ಡದೇ, ಒಪ್ಪಿದೆ. ಆದರೂ ನನ್ನ ಜೀವ ಉಳಿಸಿದವರು ವೈದ್ಯರೇ ಅಲ್ಲವೇ ಗುರುಗಳೇ?"

"ಹೌದು ಮಗು, ನಿನಗೆ ಎಚ್ಚರ ತಪ್ಪಿದ ಆ ದಿನ ತುಂಬಿದ ಹೊಳೆ ದಾಟಿ ಹೋಗಿ ಅವರನ್ನು ಕರೆತಂದವಳು ದೇವೀರಮ್ಮ."