ಗವಿಯೊಳಗೆ ಆರಿದ ಟಾರ್ಚ್

ಭರಮಪ್ಪ ಟಾರ್ಚನ್ನು ಎತ್ತಿ ಬಂಡೆಗಲ್ಲಿಗೆ ಅಪ್ಪಳಿಸಿದ.

ಅದು ಟಣ್ಣನೆ ಪುಟಿಯಿತು. ನಾಲ್ಕು ಉರುಳು ಉರುಳಿ ಗುರುಗಳ ಪಾದದ ಬಳಿ ಬಂದು ನಿಂತಿತು. ಒಡೆಯಲಿಲ್ಲ. ಒಂದು ಗೀರು ಬಿತ್ತು, ಅಷ್ಟೆ.

ಒಡೆದಿದ್ದರೆ ಅವನ ಸಿಟ್ಟು ಅರ್ಧಕ್ಕಾದರೂ ಇಳಿಯುತ್ತಿತ್ತೋ ಏನೋ. ಒಡೆಯದೆ ಇದ್ದದ್ದಕ್ಕೆ ಮೈಯೆಲ್ಲ ಉರಿದುಹೋಯಿತು.

"ಹಾಳಾಗಿ ಹೋಗಲಿ ಇದು! ಇದನ್ನ ಮಾಡಿದವನ ಕೈ ಸೇದಿಹೋಗಲಿ!"

ಗುರುಗಳು ಬಗ್ಗಿ ಟಾರ್ಚನ್ನು ಎತ್ತಿಕೊಂಡರು.

"ಕೈ ಹೋಗಿದ್ದು ಕಾಶವ್ವಂದು," ಎಂದರು.

ಹೊಳೆಯ ದಂಡೆಯ ಮೇಲೆ ಆ ಮಠ. ಮಠದ ಬೆನ್ನಿಗೆ ಗುಡ್ಡ, ಗುಡ್ಡದ ಹೊಟ್ಟೆಯೊಳಗೆ ಗವಿ, ಗವಿಯ ತಳದಲ್ಲಿ ಮೂಲಗುರುವಿನ ಗದ್ದುಗೆ. ನಡುಹಗಲಿನಲ್ಲೂ ಬೆಳಕು ಹಿಡಿಯದೆ ಅಲ್ಲಿಗೆ ಇಳಿಯುವಂತಿಲ್ಲ.

ಭಕ್ತರ ಮುಂದೆ ಪಂಜು ಹಿಡಿದು ನಡೆಯುವವನೆಂದರೆ ಮಠದಲ್ಲಿ ಒಂದು ತೂಕ. ಆರು ವರ್ಷ ಕಸ ಹೊಡೆದು, ನೀರು ಹೊತ್ತು, ಬೈಸಿಕೊಂಡು ಭರಮಪ್ಪ ಆ ಪಂಜನ್ನು ಕೈಗೆ ತೆಗೆದುಕೊಂಡಿದ್ದ. ಅವನಿಗೆ ಅದಕ್ಕಿಂತ ದೊಡ್ಡದು ಈ ಲೋಕದಲ್ಲಿ ಬೇರೊಂದಿರಲಿಲ್ಲ.

ಪಂಜಿಗೊಂದು ಕಟ್ಟಳೆ ಇತ್ತು. ಎಣ್ಣೆ ತೀರುತ್ತ ಬಂದು ಉರಿ ಕುಗ್ಗಿತೆಂದರೆ ಹಿಡಿದವನು "ಎಣ್ಣೀ" ಎಂದು ಕೂಗಬೇಕು. ಕೂಗು ಕಿವಿಗೆ ಬಿದ್ದದ್ದೇ ಹಿಂದಿನವರೆಲ್ಲ ಇದ್ದಲ್ಲೇ ಕೂತುಬಿಡಬೇಕು. ಎಣ್ಣೆ ಹೊಯ್ದು ಉರಿ ಎದ್ದ ಮೇಲೆಯೇ ಏಳಬೇಕು. ಆ ಗವಿಯಲ್ಲಿ ಅದುವರೆಗೆ ಯಾರೂ ಬಿದ್ದಿರಲಿಲ್ಲ.

ಆದರೆ ಪಂಜಿನ ಹೊಗೆಗೆ ಕೆಮ್ಮಿ ಕೆಮ್ಮಿ ಭಕ್ತರಿಗೆ ಸಾಕಾಗಿತ್ತು. ಪೇಟೆಯ ಸಂಗನಬಸು ಎಂಬ ಭಕ್ತ ಬೆರಳುದ್ದದ ಒಂದು ಟಾರ್ಚ್ ತಂದುಕೊಟ್ಟ. ಚಾರ್ಜ್ ಮಾಡಿ ಬಳಸುವಂಥದ್ದು, ಕಿಸೆಗೆ ಸಿಕ್ಕಿಸಿಕೊಳ್ಳುವಂಥದ್ದು.

"ದಿನಾ ಬಳಸಿ ನೋಡ್ರಿ ಅಜ್ಜಾರ. ಚಲೋ ಅನ್ನಿಸಿದ್ರ ಒಂದು ಚೀಟಿ ಬರದು ಕಳಸ್ರಿ. ಇನ್ನೂ ಹತ್ತು ತಂದುಕೊಡ್ತೀನಿ," ಎಂದು ಗುರುಗಳಿಗೆ ಹೇಳಿ ಹೋದ.

ಪರೀಕ್ಷೆ ಮಾಡುವ ಕೆಲಸ ಭರಮಪ್ಪನ ಪಾಲಿಗೆ ಬಂತು. ಮಾಡಿದ್ದನ್ನು ಅವನು ಊರಿಗೆಲ್ಲ ಗೊತ್ತಾಗುವಂತೆ ಮಾಡಿದ. ಹೊಳೆಯಲ್ಲಿ ಮುಳುಗಿಸಿ ತೆಗೆದ. ಗುಡ್ಡದ ಮೇಲಿಂದ ಕೆಡವಿದ. ಸಂಜೆ ಹೊತ್ತು ಆಚೆ ದಂಡೆಯ ಆಲದ ಮರಕ್ಕೆ ಬೆಳಕು ಬಿಟ್ಟು ಬಾವಲಿಗಳನ್ನು ಎಬ್ಬಿಸಿದ.

"ನೋಡ್ರಲೇ, ಇನ್ನ ಎಣ್ಣಿ ಕೂಗೂದು ಬಂದ್! ಇದು ಆರೂ ಮಾತೇ ಇಲ್ಲ. ಗವಿಯಾಗ ಯಾರೂ ಕುಂಡಿ ಊರೂದು ಬ್ಯಾಡ!" ಎಂದು ದಂಡೆಯ ಮೇಲೆ ನಿಂತು ಸಾರಿದ. ಕೇಳಿದವರು ನಕ್ಕರು. ಅವನ ಎದೆ ಇನ್ನೊಂದು ಗೇಣು ಉಬ್ಬಿತು.

ಹದಿನೈದನೆಯ ದಿನ ಬೆಳಿಗ್ಗೆ ಐದು ಮಂದಿ ಹೆಂಗಸರನ್ನು ಕರೆದುಕೊಂಡು ಗವಿಗಿಳಿದ. ಕಡಿದಾದ ಮೆಟ್ಟಿಲುಗಳ ನಟ್ಟನಡುವೆ ಟಾರ್ಚ್ ಪಕ್ಕನೆ ಆರಿತು.

ಅವನ ಬೆನ್ನಿಗೇ ಇದ್ದ ಕಾಶವ್ವ ಮೆಟ್ಟಿಲು ತಪ್ಪಿ ಮುಗ್ಗರಿಸಿದಳು. ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು. ಹನ್ನೆರಡು ವರ್ಷದಿಂದ ಮಠದ ದಾಸೋಹಕ್ಕೆ ದಿನಾಲೂ ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಅದು.

ಈಗ ಅವಳು ಅಂಗಳದ ಬೇವಿನ ಮರಕ್ಕೆ ಒರಗಿ ಕೂತಿದ್ದಳು. ಕೈಗೆ ಸೀರೆಯ ಸೆರಗಿನ ಚೂರು ಸುತ್ತಿದ್ದರು. ದವಾಖಾನೆಗೆ ಒಯ್ಯಲು ಟಂಟಂ ಗಾಡಿಗೆ ಹೇಳಿಕಳಿಸಿದ್ದರು, ಇನ್ನೂ ಬಂದಿರಲಿಲ್ಲ.

"ಅಂಗಡ್ಯಾಂವ ಮೋಸ ಮಾಡ್ಯಾನ್ರಿ ಅಜ್ಜಾರ," ಭರಮಪ್ಪ ಕೂಗಾಡಿದ. "ಕಂಪನ್ಯಾಂವ ಮೋಸ ಮಾಡ್ಯಾನ. ಇಂಥಾ ದರಿದ್ರ ಮಾಲು ಕೊಟ್ಟಾರ. ನಾನು ಹೋಗಿ ಅವರ ಕಾಲರ್ ಹಿಡೀತೀನಿ!"

"ಏ ಭರಮ್ಯಾ!" ಮರದ ಬುಡದಿಂದ ಕಾಶವ್ವನ ದನಿ ಬಂತು. ನೋವಿಗಿಂತ ಹೆಚ್ಚು ಸಿಟ್ಟೇ ಇತ್ತು ಅದರಲ್ಲಿ. "ಕಂಪನ್ಯಾಂವನ್ನ ಯಾಕ ಬೈತಿ? ಕತ್ತಲಾದ ಮ್ಯಾಲೆ 'ನಡೀರಿ ನಡೀರಿ' ಅಂದವ ಕಂಪನ್ಯಾಂವನೇನು?"



ಗುರುಗಳು ಭರಮಪ್ಪನ ಕಡೆ ತಿರುಗಿದರು. "ನಡೀರಿ ಅಂದಿಯೇನು?"

"ನನಗ ಆ ದಾರಿ ಬಾಯಿಪಾಠ ಐತ್ರಿ ಅಜ್ಜಾರ. ಕಣ್ಣು ಕಟ್ಟಿ ಬಿಡ್ರಿ, ಗದ್ದಿಗಿ ಮುಟ್ಟಿ ಬರ್ತೀನಿ."

"ನಿನಗೈತಿ. ಆಕಿಗೆ?"

ಭರಮಪ್ಪ ಮರದ ಕಡೆ ನೋಡಿ ಮುಖ ತಿರುಗಿಸಿದ.

"ಎಣ್ಣಿ ಅಂತ ಯಾಕ ಕೂಗಲಿಲ್ಲ?"

"ಇದರಾಗ ಎಲ್ಲೈತ್ರಿ ಎಣ್ಣಿ?"

ಗುರುಗಳ ಕೈಯ ಬೆತ್ತ ನೆಲಕ್ಕೆ ಬಡಿದ ಸಪ್ಪಳಕ್ಕೆ ಬೇವಿನ ಮರದ ಕಾಗೆಗಳು ಹಾರಿಹೋದವು. ಆ ಮುದುಕನ ದನಿ ಅಷ್ಟು ಏರಿದ್ದನ್ನು ಭರಮಪ್ಪ ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ.

"ನನ್ನ ಮುಂದ ಶಾಣ್ಯಾತನ ತೋರಿಸಬ್ಯಾಡ! ಎಣ್ಣಿ ಅಂದ್ರ ಏನಂತ ತಿಳಿದಿ? ನನ್ನ ಕೈಯಾಗಿನ ಬೆಳಕು ತೀರಾಕತ್ತೈತಿ, ನನ್ನ ನಂಬಿ ಹೆಜ್ಜಿ ಇಡಬ್ಯಾಡ್ರಿ, ಕುಂದ್ರಿ ಅಂತ. ಅಷ್ಟು ಹೇಳಾಕ ನಿನಗ ಏನು ಅಡ್ಡ ಬಂತು?"

ಏನು ಅಡ್ಡ ಬಂತೆಂದು ಭರಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಕೂಗು ಗಂಟಲ ತನಕ ಬಂದಿತ್ತು. ದಂಡೆಯ ಮೇಲೆ ನಕ್ಕವರ ಮುಖ ಕಣ್ಣ ಮುಂದೆ ಬಂತು. ನುಂಗಿಬಿಟ್ಟಿದ್ದ.

ಗುರುಗಳು ಟಾರ್ಚನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಗುಂಡಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಇತ್ತು.

"ಇದೇನು?"

"ಸಣ್ಣ ದೀಪ ರೀ ಅದು. ಚಾರ್ಜ್ ಇದ್ರ ಹಸಿರು ತೋರಿಸ್ತೈತಿ."

"ಇಲ್ಲದಿದ್ರ?"

"ತೀರಾಕ ಬಂದ್ರ... ಕೆಂಪು."

"ರಾತ್ರಿ ಚಾರ್ಜಿಗೆ ಹಚ್ಚಿದ್ದಿಯೇನು?"

"ಕರೆಂಟು ಹೋಗಿತ್ರಿ."

"ಅದಕಿಂತ ಮೊದಲು ಇದನ್ನ ಎದಕ ಉರಿಸಿದಿ?"

ಆಲದ ಮರದ ಬಾವಲಿಗಳು ನೆನಪಾದವು. ನಿನ್ನೆಯೂ ಎಬ್ಬಿಸಿದ್ದ, ದೋಸ್ತರು ಇನ್ನೊಮ್ಮೆ ಇನ್ನೊಮ್ಮೆ ಎಂದಷ್ಟು ಸಲ. ಭರಮಪ್ಪ ನೆಲ ನೋಡಿದ.

"ಇವತ್ತ ಕೆಂಪು ಬಿದ್ದಿತ್ತೇನು?"

ಇಲ್ಲ ಎಂದುಬಿಡಬಹುದಿತ್ತು. ಗವಿಯ ಕತ್ತಲಲ್ಲಿ ಆ ಚುಕ್ಕೆಯನ್ನು ಇವನ ಹೊರತು ಇನ್ಯಾರು ಕಂಡಿದ್ದರು? ಕಂಪನಿಯ ಮೇಲೆ, ಅಂಗಡಿಯವನ ಮೇಲೆ, ಕರೆಂಟಿನ ಮೇಲೆ, ಕೊನೆಗೆ ಈ ಮುದುಕನ ಮೇಲೂ ಸಿಟ್ಟು ಕುದಿಯುತ್ತಿತ್ತು. ಆ ಕುದಿಯಲ್ಲಿ ಒಂದು ಸುಳ್ಳು ಸಲೀಸಾಗಿ ಬೆಂದುಹೋಗುತ್ತಿತ್ತು.

ಕಾಶವ್ವ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇವನನ್ನೇ ನೋಡುತ್ತಿದ್ದಳು.

"ಬಿದ್ದಿತ್ರಿ."

"ಎಲ್ಲಿ?"

"ಎರಡನೇ ತಿರುವಿನಾಗ. ಮೆಟ್ಟಲಾ ಶುರುವಾಗೂಕಿಂತ ಮೊದಲು."

"ಏನು ಮಾಡಿದಿ?"

ಭರಮಪ್ಪ ಬಲಗೈಯನ್ನು ಬೆನ್ನ ಹಿಂದೆ ಒಯ್ದ.

"ಅದರ ಮ್ಯಾಲೆ ಹೆಬ್ಬಟ್ಟು ಇಟ್ನಿರಿ. ಯಾರಿಗೂ ಕಾಣದಂಗ."

 

"ಥೂ ನಿನ್ನ!" ಎಂದಳು ಕಾಶವ್ವ. ಅದಕ್ಕಿಂತ ಹೆಚ್ಚು ಏನೂ ಅನ್ನಲಿಲ್ಲ. ಇನ್ನೂ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು.

"ನನ್ನ ಮಠದಿಂದ ಹೊರಗ ಹಾಕ್ರಿ ಅಜ್ಜಾರ," ಎಂದ. ಆ ಮಾತಿನಲ್ಲೂ ಸಿಟ್ಟೇ ಇತ್ತು. "ಇಲ್ಲಾ ಆ ಬೆತ್ತ ತಗೊಂಡು ಬಡೀರಿ. ಬಡದು ಮುಗಸ್ರಿ."

"ಮುಗಸ್ರಿ ಅಂತಾನ!" ಗುರುಗಳು ಬೆತ್ತವನ್ನು ಗೋಡೆಗೆ ಒರಗಿಸಿದರು. "ನೀ ಹೊರಗ ಹ್ವಾದ್ರ ನಾಳಿಂದ ರೊಟ್ಟಿ ಯಾರು ಬಡೀತಾರ?"

ಭರಮಪ್ಪ ತಲೆ ಎತ್ತಿದ. "ನಾನೇನ್ರಿ? ಒಲಿ ಮುಂದ ಕುಂತು?"

"ಈಕಿ ಕೈ ಕೂಡೂತನಕ ನಿನ್ನ ಕೈ ಈಕೀದು. ಹಿಟ್ಟು ನಾದೂದು, ಬಡಿಯೂದು, ಬೇಯಿಸೂದು. ಈಕಿ ಹೇಳಿದಂಗ."

"ಅಯ್ಯ, ಬ್ಯಾಡ್ರಿ ಅಜ್ಜಾರ," ಎಂದಳು ಕಾಶವ್ವ, ಹಲ್ಲು ಕಚ್ಚಿಕೊಂಡೇ. "ಇವನ ರೊಟ್ಟಿ ತಿಂದ್ರ ಭಕ್ತರ ಹಲ್ಲು ಉದುರತಾವು. ಇವನಿಗೆ ನನ್ನ ಕೈಯ ಪಾಪ ಒಂದೇ ಸಾಕು."

"ಉದುರಲಿ. ಯಾಕ ಉದುರಿದ್ವು ಅಂತ ಕೇಳಿದವರಿಗೆ ಇವನೇ ಹೇಳಲಿ."

ಭರಮಪ್ಪನಿಗೆ ರೊಟ್ಟಿಯ ಚಿಂತೆ ಇರಲಿಲ್ಲ. ಕೇಳಬೇಕಾದದ್ದು ಬೇರೆಯೇ ಇತ್ತು.

"ಪಂಜು?"

"ನಾನು ಹಿಡೀತೀನಿ."

"ಎಲ್ಲೀತನಕ ಅಜ್ಜಾರ?"

ಗುರುಗಳು ದಾರಿಯ ಕಡೆ ನೋಡಿದರು. ಟಂಟಂ ಗಾಡಿ ಬಂತು. ಭರಮಪ್ಪನೇ ಹೋಗಿ ಕಾಶವ್ವನಿಗೆ ಆಸರೆ ಕೊಡಲು ಕೈ ಚಾಚಿದ. ಅವಳು ಆ ಕೈಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಎಡಗೈಯಿಂದ ಮರ ಹಿಡಿದು ತಾನೇ ಎದ್ದಳು. ತಾನೇ ನಡೆದು ಗಾಡಿ ಹತ್ತಿದಳು.

ಗಾಡಿಯ ಧೂಳು ಇಳಿಯುವ ತನಕ ಅವನು ಅಲ್ಲೇ ನಿಂತಿದ್ದ.

"ಬಾ," ಗುರುಗಳು ಕರೆದರು. "ಸಂಗನಬಸುಗೆ ಚೀಟಿ ಬರೀಬೇಕು."

"ನಾನೇನ್ರಿ ಬರೀಲಿ ಈಗ?"

"ಪರೀಕ್ಷಾ ಮಾಡಿದವ ನೀನು. ನೀನೇ ಬರಿ."

ಅವನು ಜಗುಲಿಯ ಮೇಲೆ ಕೂತ. ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿ ಬರೆದ. ಬೆಳಕು ಹೊಳೆ ದಾಟುತ್ತದೆ. ನೀರಿಗೆ ಬಿದ್ದರೆ ಕೆಡುವುದಿಲ್ಲ. ಕಲ್ಲಿಗೆ ಅಪ್ಪಳಿಸಿದರೂ ಒಡೆಯುವುದಿಲ್ಲ. ಕಿಸೆಯಲ್ಲಿ ಭಾರ ಅನ್ನಿಸುವುದಿಲ್ಲ. ದಿನಾ ಚಾರ್ಜ್ ಮಾಡಬೇಕು. ತೀರುವ ಮುಂಚೆ ಕೆಂಪು ದೀಪ ತೋರಿಸುತ್ತದೆ.

ಅಲ್ಲಿಗೆ ಬಂದು ಪೆನ್ನು ನಿಂತಿತು. 

"ಅಜ್ಜಾರ, ಇನ್ನೂ ಹತ್ತು ತಂದುಕೊಡ್ರಿ ಅಂತ ಬರೀಲ್ಯೋ, ಬ್ಯಾಡ ಅಂತ ಬರೀಲ್ಯೋ?"

ಗುರುಗಳು ಪಂಜಿಗೆ ಬಟ್ಟೆ ಸುತ್ತುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಟಾರ್ಚು ಚಲೋ ಐತಿ ಅಂತ ಬರಿ. ಹೆಬ್ಬಟ್ಟಿನ ಪರೀಕ್ಷಾ ಇನ್ನೂ ಮುಗದಿಲ್ಲ ಅಂತ ಕೆಳಗ ಬರಿ."