ಮೇಕೆಯ ದೂರು, ಹುಂಜದ ಹೊಟ್ಟೆಕಿಚ್ಚು

ಕಾನೂನು ಕಲಿಯುವ ಪ್ರಾಣಿಗಳು ಬಡವರ ದೂರುಗಳನ್ನು ಪುಕ್ಕಟೆ ನಡೆಸಿಕೊಡುವ ಕೊಟ್ಟಿಗೆಯೊಂದಿತ್ತು. ಅಲ್ಲಿ ಹುಂಜದಷ್ಟು ಜೋರಾಗಿ ವಾದಿಸುವವರು ಸುತ್ತಲ ಸೀಮೆಯಲ್ಲೇ ಇರಲಿಲ್ಲ. ಅಂಥಲ್ಲಿಗೆ ತಾನೇ ಮಾತು ಹೆಣೆಯುವ ಯಂತ್ರದ ಪೆಟ್ಟಿಗೆಯೊಂದು ಬಂದು ಕೂತಿತು. ಅಂದಿನಿಂದ ಹುಂಜಕ್ಕೆ ಗಂಟಲಲ್ಲಿ ಕಾಳು ಇಳಿಯಲಿಲ್ಲ.

ಒಂದು ದಿನ ಮೇಕೆ ಬಂದು, "ನಾಯಿ ನನಗೆ ಕಲ್ಲುಬಾನಿಯ ನೀರು ಕುಡಿಯಲು ಬಿಡುತ್ತಿಲ್ಲ" ಎಂದಿತು. ಅದು ಬಾಯಿ ಮುಚ್ಚುವಷ್ಟರಲ್ಲಿ ಪೆಟ್ಟಿಗೆ, ನಾಯಿಯನ್ನು ಊರಿನಿಂದಲೇ ಗಡೀಪಾರು ಮಾಡಿಸುವ ಅರ್ಜಿ ಬರೆದು ಓದಿ ಮುಗಿಸಿತು. ಕೊಟ್ಟಿಗೆಯೆಲ್ಲ ಭಲೇ ಎಂದಿತು.

ಹುಂಜದ ಹೊಟ್ಟೆ ಉರಿದುಹೋಯಿತು. ಹೇಗಾದರೂ ಅರ್ಜಿಯಲ್ಲೊಂದು ಹುಳುಕು ಹುಡುಕಲೇಬೇಕೆಂದು ಮೇಕೆಯ ಪಕ್ಕ ಕೂತು, "ಅಕ್ಕಾ, ಈ ಡಬ್ಬಿ ಎಲ್ಲಿ ತಪ್ಪು ಮಾಡಿದೆ? ನಿಧಾನವಾಗಿ ಹೇಳು, ನಾನು ಕೇಳ್ತೀನಿ" ಎಂದಿತು.

"ನಾಯಿ ಹೋದರೆ, ತೋಳ ಬಂದಾಗ ನನ್ನ ಮರಿಗಳಿಗೆ ಯಾರು ದಿಕ್ಕು, ತಮ್ಮಾ? ಮಧ್ಯಾಹ್ನ ಅದು ಬಾನಿ ಬಿಟ್ಟು ಆಚೆ ಮಲಗಿದರೆ ಸಾಕು."

ಹುಂಜ ಎದೆಯುಬ್ಬಿಸಿಕೊಂಡು ಹೋಗಿ ನಾಯಿಗೆ ಅಷ್ಟನ್ನೇ ಹೇಳಿತು. ನಾಯಿ ಬಾಲ ಅಲ್ಲಾಡಿಸಿ ಸರಿದು ಮಲಗಿತು. ಮೇಕೆ ಹೊಟ್ಟೆತುಂಬ ನೀರು ಕುಡಿಯಿತು.

ಗೆದ್ದೆನೆಂದು ಕೂಗುತ್ತಾ ಹುಂಜ ಮರಳಿದಾಗ ಕೊಟ್ಟಿಗೆಯಲ್ಲಿ ಮುದಿ ಕತ್ತೆಯೊಂದು ದೂರು ಹೇಳುತ್ತಿತ್ತು. ಪೆಟ್ಟಿಗೆ ಅರ್ಜಿ ಬರೆಯದೆ, "ಅಣ್ಣಾ, ನಿನಗೆ ಏನಾಗಬೇಕು? ನಿಧಾನವಾಗಿ ಹೇಳು, ನಾನು ಕೇಳ್ತೀನಿ" ಎನ್ನುತ್ತಿತ್ತು.

"ಎಲಾ ಕಳ್ಳ ಡಬ್ಬಿ! ಅದು ನನ್ನ ಮಾತು!" ಎಂದು ಹುಂಜ ರೆಕ್ಕೆ ಬಡಿದು ಹಾರಾಡಿತು.

"ಸ್ವಲ್ಪ ಸುಮ್ಮನಿರಪ್ಪಾ," ಎಂದಿತು ಕತ್ತೆ, "ನನ್ನ ಮಾತು ಇನ್ನೂ ಮುಗಿದಿಲ್ಲ."